ಹೊರಡುವ ಮುನ್ನವೇ ಮರಳುವ ದಾರಿ: ಸಾಕುಪ್ರಾಣಿಯ ವಿದೇಶ ಪ್ರಯಾಣಕ್ಕೆ ಲಸಿಕೆ ಮತ್ತು ಕಾಗದಪತ್ರಗಳ ನಿಯಮಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬವೊಂದು ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳಲೆಂದು ಕೆಲವು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಬರಲು ನಿರ್ಧರಿಸುತ್ತದೆ ಎಂದಿಟ್ಟುಕೊಳ್ಳೋಣ. ಮನೆಯ ನಾಯಿಯನ್ನು ಅಷ್ಟು ದಿನ ಬೇರೆಯವರ ಬಳಿ ಬಿಡಲು ಮಕ್ಕಳು ಒಪ್ಪುವುದಿಲ್ಲ. ಭಾರತ ಪ್ರವೇಶಕ್ಕೆ ಬೇಕಾದ ಕಾಗದಗಳನ್ನೆಲ್ಲ ಹೊಂದಿಸಿಕೊಂಡು ನಾಯಿಯನ್ನೂ ಕರೆತರುತ್ತಾರೆ. ಎಲ್ಲವೂ ಸುಗಮವಾಗಿ ನಡೆಯುತ್ತದೆ. ತೊಡಕು ಕಾಣಿಸಿಕೊಳ್ಳುವುದು ಮರಳುವ ಹೊತ್ತಿಗೆ. ಅಮೆರಿಕದಲ್ಲೇ ಹುಟ್ಟಿ, ಅಲ್ಲಿಯೇ ಲಸಿಕೆ ಹಾಕಿಸಿಕೊಂಡು ಬೆಳೆದ ನಾಯಿಯಾದರೂ ಹೊರಡುವ ಮೊದಲು ಒಂದು ನಮೂನೆಗೆ ಸರಕಾರಿ ದೃಢೀಕರಣ ಪಡೆದಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು 'ವಿದೇಶದಲ್ಲಿ ಲಸಿಕೆ ಪಡೆದ ನಾಯಿ' ಎಂದು ಪರಿಗಣಿಸಲಾಗುತ್ತದೆ. ಹೊಸ ಲಸಿಕೆ, ರಕ್ತಪರೀಕ್ಷೆ, ಕಾಯುವ ಅವಧಿ, ನಿಗದಿತ ವಿಮಾನ ನಿಲ್ದಾಣ ಎಂದು ತಿಂಗಳುಗಳೇ ಕಳೆಯುತ್ತವೆ.

ಸಾಕುಪ್ರಾಣಿಯೊಡನೆ ವಿದೇಶ ಪ್ರಯಾಣ ಮಾಡುವವರು ಅರಿಯಬೇಕಾದ ಮೊದಲ ಸಂಗತಿ ಇದೇ. ಹೋಗುವ ದೇಶದ ನಿಯಮಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಮರಳಿ ಬರುವ ದೇಶದ ನಿಯಮಗಳನ್ನು ವಿಚಾರಿಸುವವರು ಕಡಿಮೆ. ಆದರೆ ಮರಳಲು ಬೇಕಾಗುವ ದಾಖಲೆಗಳಲ್ಲಿ ಮುಖ್ಯವಾದವನ್ನು ಹೊರಡುವ ಮೊದಲೇ ಮಾಡಿಸಬೇಕು. ನಂತರ ಅವುಗಳನ್ನು ಮಾಡಿಸಲು ಸಾಧ್ಯವಾಗುವುದಿಲ್ಲ, ಇಲ್ಲವೇ ಬಹಳ ಕಾಲ ಹಿಡಿಯುತ್ತದೆ.

ನಿಯಮಗಳ ಹಿಂದಿರುವ ರೋಗ

ಈ ಎಲ್ಲ ಕಟ್ಟುಪಾಡುಗಳಿಗೂ ಮೂಲ ಕಾರಣ ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುಳಿಯುವುದು ಅತ್ಯಂತ ಅಪರೂಪ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಈ ರೋಗದಿಂದ ಸಾಯುತ್ತಾರೆಂದೂ, ಅವರಲ್ಲಿ ಶೇ. 36ರಷ್ಟು ಮಂದಿ ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಅಂದಾಜು ಮಾಡುತ್ತ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ಸಮೀಕ್ಷೆ ಭಾರತದ ಸಂಖ್ಯೆಯನ್ನು ವರ್ಷಕ್ಕೆ ಸುಮಾರು 5,700 ಎಂದು ಲೆಕ್ಕಹಾಕಿದೆ. ಯಾವ ಲೆಕ್ಕವನ್ನು ಒಪ್ಪಿದರೂ ನಾಯಿಕಡಿತದಿಂದ ಹರಡುವ ರೇಬೀಸ್ ಭಾರತದಲ್ಲಿ ಇಂದಿಗೂ ಜೀವಂತವಾಗಿದೆ. ಅಮೆರಿಕವಾದರೋ ನಾಯಿಗಳಿಂದ ನಾಯಿಗಳಿಗೆ ಹರಡುವ ರೇಬೀಸ್ ತಳಿಯಿಂದ ಮುಕ್ತವಾಗಿರುವುದಾಗಿ 2007ರಲ್ಲಿ ಘೋಷಿಸಿಕೊಂಡಿತು. ಜಪಾನ್, ಆಸ್ಟ್ರೇಲಿಯಗಳಲ್ಲಿಯೂ ಈ ರೋಗವಿಲ್ಲ.

ರೇಬೀಸ್ ವೈರಾಣು ಕಚ್ಚಿದ ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಹೀಗೆ ಸಾಗಲು ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಹಿಡಿಯಬಹುದು. ಈ ಅವಧಿಯಲ್ಲಿ ನಾಯಿ ನೋಡುವವರ ಕಣ್ಣಿಗೆ ಸಂಪೂರ್ಣ ಆರೋಗ್ಯವಾಗಿಯೇ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಪಶುವೈದ್ಯರು ಎಷ್ಟೇ ಎಚ್ಚರದಿಂದ ಪರೀಕ್ಷಿಸಿದರೂ ಸೋಂಕು ಕಾಣುವುದಿಲ್ಲ. ಆದ್ದರಿಂದಲೇ ಎಲ್ಲ ದೇಶಗಳೂ ಪ್ರಾಣಿಯ ತೋರಿಕೆಯನ್ನು ನಂಬದೆ, ದಾಖಲೆಯನ್ನೂ ಕಾಲಾವಧಿಯನ್ನೂ ನಂಬುತ್ತವೆ. 'ಕಳೆದ ಆರು ತಿಂಗಳಲ್ಲಿ ನಾಯಿ ಎಲ್ಲಿತ್ತು?' ಎಂಬ ಪ್ರಶ್ನೆ, 'ರಕ್ತದ ಮಾದರಿ ತೆಗೆದ ಬಳಿಕ ಇಷ್ಟು ದಿನ ಕಾಯಬೇಕು' ಎಂಬ ಷರತ್ತು ಹುಟ್ಟಿದ್ದು ಇಲ್ಲಿಂದ.

ಹಿಂದೆ ಇದಕ್ಕಿದ್ದ ಪರಿಹಾರ ಇನ್ನೂ ಕಠಿಣವಾಗಿತ್ತು. ಬ್ರಿಟನ್ ದೇಶ ಹೊರಗಿನಿಂದ ಬರುವ ನಾಯಿ, ಬೆಕ್ಕುಗಳನ್ನು ಆರು ತಿಂಗಳ ಕಾಲ ಪ್ರತ್ಯೇಕ ಕೇಂದ್ರಗಳಲ್ಲಿ ಇರಿಸುತ್ತಿತ್ತು. 2000ದ ಫೆಬ್ರವರಿಯಲ್ಲಿ ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆಗಳನ್ನು ಆಧರಿಸಿದ ಪ್ರಯಾಣ ಯೋಜನೆ ಜಾರಿಗೆ ಬಂದಮೇಲೆ, ಅರ್ಹತೆ ಪಡೆದ ದೇಶಗಳಿಂದ ಬರುವ ಪ್ರಾಣಿಗಳಿಗೆ ಆ ಬಂಧನ ತಪ್ಪಿತು. ಇಂದಿನ ಕಾಗದಪತ್ರಗಳ ಹೊರೆ ಅಂದಿನ ಪಂಜರದ ಬದಲಿಗೆ ಬಂದದ್ದು ಎಂಬುದನ್ನು ಮರೆಯಬಾರದು.

ಚಿಪ್ ಮೊದಲು, ಲಸಿಕೆ ನಂತರ

ಯಾವ ದೇಶಕ್ಕೆ ಹೊರಟರೂ ಮೊದಲ ಹೆಜ್ಜೆ ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ಗಾತ್ರದ ಈ ಸಾಧನವನ್ನು ಸೂಜಿಯ ಮೂಲಕ ಪ್ರಾಣಿಯ ಹೆಗಲ ಭಾಗದ ಚರ್ಮದಡಿ ಸೇರಿಸಲಾಗುತ್ತದೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಅದು ಎಲ್ಲಿದೆಯೆಂದು ಹುಡುಕಿ ಕೊಡುವ ಸಾಧನವಲ್ಲ. ಐಎಸ್‌ಒ 11784 ಮತ್ತು 11785 ಮಾನದಂಡಗಳಿಗೆ ಹೊಂದುವ, 15 ಅಂಕಿಗಳ ಚಿಪ್ ಎಲ್ಲೆಡೆ ನಡೆಯುತ್ತದೆ. ಹಳೆಯ ಮಾದರಿಯ ಚಿಪ್ ಇದ್ದರೆ ಅದನ್ನು ಓದಬಲ್ಲ ಯಂತ್ರವನ್ನು ಮಾಲೀಕರೇ ಒಯ್ಯಬೇಕಾದೀತು, ಇಲ್ಲವೇ ಹೊಸ ಚಿಪ್ ಹಾಕಿಸಿ ಎರಡೂ ಸಂಖ್ಯೆಗಳನ್ನು ದಾಖಲೆಗಳಲ್ಲಿ ನಮೂದಿಸಬೇಕಾದೀತು.

ಇಲ್ಲಿ ಕ್ರಮ ಬಹು ಮುಖ್ಯ. ಚಿಪ್ ಹಾಕಿಸಿದ ದಿನವೇ ಅಥವಾ ಅದಾದ ಮೇಲೆ ರೇಬೀಸ್ ಲಸಿಕೆ ಹಾಕಿಸಬೇಕು. ಲಸಿಕೆ ಮೊದಲು, ಚಿಪ್ ಆಮೇಲೆ ಎಂದಾದರೆ ಅಮೆರಿಕವೂ ಯೂರೋಪಿನ ದೇಶಗಳೂ ಆ ಲಸಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಸಿಕೆ ಹಾಕಿದ್ದು ಇದೇ ನಾಯಿಗೆ ಎಂದು ಹೇಳುವ ಸಾಕ್ಷಿ ಆ ಸಂಖ್ಯೆಯೊಂದೇ. ಲಸಿಕಾ ಪುಸ್ತಕ, ಆರೋಗ್ಯ ಪ್ರಮಾಣಪತ್ರ, ಪ್ರಯೋಗಾಲಯದ ವರದಿ, ವಿಮಾನ ಸಂಸ್ಥೆಯ ಪತ್ರ ಎಲ್ಲದರಲ್ಲಿಯೂ ಅದೇ ಸಂಖ್ಯೆ ಒಂದಂಕಿಯೂ ಬದಲಾಗದಂತೆ ಇರಬೇಕು. ಪ್ರಯಾಣದ ದಿನ ತಕರಾರು ಹುಟ್ಟುವುದು ಹೆಚ್ಚಾಗಿ ಇಂತಹ ಬರಹದ ತಪ್ಪುಗಳಿಂದಲೇ.

ಭಾರತ ಪ್ರವೇಶಕ್ಕೆ ಬೇಕಾದುದು

ಭಾರತಕ್ಕೆ ಪ್ರಾಣಿಗಳನ್ನು ತರುವುದನ್ನು ನಿಯಂತ್ರಿಸುವ ಮೂಲ ಕಾನೂನು 1898ರ ಜಾನುವಾರು ಆಮದು ಕಾಯಿದೆ. ಅದಕ್ಕೆ 2001ರಲ್ಲಿ ತಿದ್ದುಪಡಿಯಾಯಿತು. ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಅಧೀನದಲ್ಲಿರುವ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ, ಅಂದರೆ ಎಕ್ಯುಸಿಎಸ್, ಇದನ್ನು ಜಾರಿಗೊಳಿಸುತ್ತದೆ. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು ಮತ್ತು ಹೈದರಾಬಾದುಗಳಲ್ಲಿ ಅದರ ಕೇಂದ್ರಗಳಿವೆ. ಸಾಕುಪ್ರಾಣಿಯನ್ನು ಈ ನಿಲ್ದಾಣಗಳ ಮೂಲಕವೇ ತರಬೇಕು. ಮಂಗಳೂರಿಗೆ ಹೋಗುವ ಕುಟುಂಬವಾದರೂ ಪ್ರಾಣಿ ಭಾರತದಲ್ಲಿ ಮೊದಲು ಇಳಿಯುವುದು ಈ ಆರರಲ್ಲಿ ಒಂದು ಕಡೆ ಆಗಿರಬೇಕು.

ಪ್ರಯಾಣಕ್ಕೆ ಮುನ್ನವೇ ಎಕ್ಯುಸಿಎಸ್‌ನಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅರ್ಜಿಯ ಜೊತೆಗೆ ಮಾಲೀಕರ ಪಾಸ್‌ಪೋರ್ಟ್ ಪ್ರತಿ, ಪ್ರಯಾಣದ ವಿವರ, ಪ್ರಾಣಿಯ ಭಾವಚಿತ್ರ, ಮೈಕ್ರೋಚಿಪ್ ಸಂಖ್ಯೆ, ಲಸಿಕಾ ದಾಖಲೆ ಹಾಗೂ ಆರೋಗ್ಯ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ಆರೋಗ್ಯ ಪ್ರಮಾಣಪತ್ರಕ್ಕೆ ಖಾಸಗಿ ಪಶುವೈದ್ಯರ ಸಹಿಯೊಂದೇ ಸಾಲದು. ಹೊರಡುವ ದೇಶದ ಸರಕಾರಿ ಪಶುವೈದ್ಯಾಧಿಕಾರಿಯ ದೃಢೀಕರಣವೂ ಅವಶ್ಯ. ಅಮೆರಿಕದಲ್ಲಿ ಇದನ್ನು ನೀಡುವುದು ಅಲ್ಲಿನ ಕೃಷಿ ಇಲಾಖೆ.

ರೇಬೀಸ್ ಲಸಿಕೆಯ ವಿಷಯದಲ್ಲಿ ಭಾರತದ ಷರತ್ತು ಎರಡು ತುದಿಗಳನ್ನು ಹಿಡಿದಿದೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನಗಳಾಗಿರಬೇಕು. ಆದರೆ 12 ತಿಂಗಳು ಮೀರಿರಬಾರದು. ಅಮೆರಿಕದಲ್ಲಿ ಮೂರು ವರ್ಷಗಳವರೆಗೆ ಮಾನ್ಯವಾಗುವ ರೇಬೀಸ್ ಲಸಿಕೆ ಬಳಕೆಯಲ್ಲಿದೆ. ಎರಡು ವರ್ಷಗಳ ಹಿಂದೆ ಅಂತಹ ಲಸಿಕೆ ಪಡೆದ ನಾಯಿ ಅಲ್ಲಿನ ಲೆಕ್ಕದಲ್ಲಿ ಸುರಕ್ಷಿತ. ಭಾರತದ ಲೆಕ್ಕದಲ್ಲಿ ಅವಧಿ ಮೀರಿದ್ದು. ಹೊರಡುವ ವಾರದಲ್ಲಿ ಈ ವ್ಯತ್ಯಾಸ ಗೊತ್ತಾಗಿ ಲಸಿಕೆ ಹಾಕಿಸಿದರೆ 30 ದಿನಗಳ ಷರತ್ತು ಅಡ್ಡಬರುತ್ತದೆ. ನಾಯಿಗಳಿಗೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಲಸಿಕೆಗಳೂ ದಾಖಲೆಯಲ್ಲಿರಬೇಕು.

ಕಸ್ಟಮ್ಸ್ ಇಲಾಖೆಯ ನಿಯಮ ಬೇರೆಯೇ ಇದೆ. ವಿದೇಶದಲ್ಲಿ ಎರಡು ವರ್ಷ ನಿರಂತರವಾಗಿ ನೆಲೆಸಿ, ವಾಸಸ್ಥಳವನ್ನು ಭಾರತಕ್ಕೆ ಬದಲಾಯಿಸುವ ಪ್ರಯಾಣಿಕರು ತಲಾ ಎರಡು ಸಾಕುಪ್ರಾಣಿಗಳನ್ನು ಸಾಮಾನಿನ ಭಾಗವಾಗಿ ತರಬಹುದೆಂದು 2013ರ ಏಪ್ರಿಲ್‌ನಲ್ಲಿ ಹೊರಟ ಸುತ್ತೋಲೆ ಸ್ಪಷ್ಟಪಡಿಸಿತು. ಅಂದರೆ ಸೌಲಭ್ಯವನ್ನು ರೂಪಿಸಿದ್ದು ಶಾಶ್ವತವಾಗಿ ಮರಳುವವರನ್ನು ಮನಸ್ಸಿನಲ್ಲಿರಿಸಿಕೊಂಡು. ಕೆಲವು ತಿಂಗಳ ಭೇಟಿಗೆ ಬರುವವರು ತಮ್ಮ ಪ್ರಯಾಣದ ಉದ್ದೇಶ, ಅವಧಿ ಮತ್ತು ಮರಳುವ ಟಿಕೆಟಿನ ವಿವರಗಳನ್ನು ಮೊದಲೇ ಎಕ್ಯುಸಿಎಸ್ ಕೇಂದ್ರಕ್ಕೆ ತಿಳಿಸಿ, ಲಿಖಿತ ಉತ್ತರ ಪಡೆದ ಮೇಲೆಯೇ ಮುಂದುವರಿಯುವುದು ಕ್ಷೇಮ. ದೂರವಾಣಿಯಲ್ಲಿ ದೊರೆತ ಭರವಸೆ ವಿಮಾನ ನಿಲ್ದಾಣದಲ್ಲಿ ಉಪಯೋಗಕ್ಕೆ ಬಾರದು.

ತಳಿಯ ವಿಷಯದಲ್ಲಿ ಒಂದು ಮಾತು. 'ಅಪಾಯಕಾರಿ' ಎಂದು ಗುರುತಿಸಿದ 23 ತಳಿಗಳ ನಾಯಿಗಳ ಆಮದು, ಮಾರಾಟ, ಸಾಕಣೆಗಳನ್ನು ನಿರ್ಬಂಧಿಸುವಂತೆ ಕೇಂದ್ರ ಸರಕಾರ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಇಂತಹ ಕ್ರಮ ಸಲ್ಲದೆಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ಅದನ್ನು ರದ್ದುಗೊಳಿಸಿತು. ಆದರೂ ರಾಟ್‌ವೈಲರ್, ಪಿಟ್‌ಬುಲ್ ಮುಂತಾದ ತಳಿಗಳ ಮೇಲೆ ವಿಮಾನ ಸಂಸ್ಥೆಗಳು ತಮ್ಮದೇ ನಿರ್ಬಂಧ ಹೇರುವುದುಂಟು.

ಬಂದಿಳಿದ ಮೇಲೆ ಎಕ್ಯುಸಿಎಸ್ ಪಶುವೈದ್ಯರು ಪ್ರಾಣಿಯನ್ನು ಪರೀಕ್ಷಿಸಿ, ಕಾಗದಗಳು ಸರಿಯಿದ್ದು ರೋಗಲಕ್ಷಣಗಳಿಲ್ಲದಿದ್ದರೆ ಮಾಲೀಕರ ವಶಕ್ಕೆ ಬಿಡುತ್ತಾರೆ. ಕಾಗದಗಳಲ್ಲಿ ಕೊರತೆಯಿದ್ದರೆ ಪ್ರಾಣಿಯನ್ನು ಪ್ರತ್ಯೇಕ ವಾಸದಲ್ಲಿ ಇರಿಸುವ ಅಥವಾ ಬಂದ ದೇಶಕ್ಕೇ ಮರಳಿ ಕಳುಹಿಸುವ ಅಧಿಕಾರ ಅವರಿಗಿದೆ.

ಅಮೆರಿಕಕ್ಕೆ ಮರಳುವ ನಾಯಿ

2020ರಲ್ಲಿ, ಕೋವಿಡ್ ಕಾಲದಲ್ಲಿ, ಸುಳ್ಳು ರೇಬೀಸ್ ಪ್ರಮಾಣಪತ್ರಗಳೊಂದಿಗೆ ಬಂದ 450ಕ್ಕೂ ಹೆಚ್ಚು ನಾಯಿಗಳಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಪ್ರವೇಶ ನಿರಾಕರಿಸಿತು. ಮರುವರ್ಷ, 2021ರ ಜುಲೈ 14ರಿಂದ, ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳ ಪ್ರವೇಶವನ್ನೇ ತಾತ್ಕಾಲಿಕವಾಗಿ ತಡೆಹಿಡಿಯಿತು. ಆ ತಡೆಯ ಸ್ಥಾನದಲ್ಲಿ 2024ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂದಿತು. ಭಾರತ 'ಹೆಚ್ಚು ಅಪಾಯದ ದೇಶ'ಗಳ ಪಟ್ಟಿಯಲ್ಲಿದೆ. ಕಳೆದ ಆರು ತಿಂಗಳಲ್ಲಿ ಒಂದು ದಿನವಾದರೂ ಭಾರತದಲ್ಲಿದ್ದ ನಾಯಿಗೆ ಕಟ್ಟುನಿಟ್ಟಿನ ಷರತ್ತುಗಳು ಅನ್ವಯಿಸುತ್ತವೆ.

ಎಲ್ಲ ನಾಯಿಗಳಿಗೂ ಸಾಮಾನ್ಯವಾದ ಷರತ್ತುಗಳು ನಾಲ್ಕು: ಕನಿಷ್ಠ ಆರು ತಿಂಗಳ ವಯಸ್ಸಾಗಿರಬೇಕು, ಮೈಕ್ರೋಚಿಪ್ ಇರಬೇಕು, ಆರೋಗ್ಯವಾಗಿ ಕಾಣಬೇಕು, ಸಿಡಿಸಿಯ ನಾಯಿ ಆಮದು ನಮೂನೆಯನ್ನು ಅಂತರ್ಜಾಲದಲ್ಲಿ ತುಂಬಿ ಪಡೆದ ರಸೀದಿ ಜೊತೆಗಿರಬೇಕು. ಈ ನಮೂನೆಗೆ ಶುಲ್ಕವಿಲ್ಲ.

ಭಾರತದಿಂದ ಹೋಗುವ ನಾಯಿಗೆ ಇವುಗಳ ಜೊತೆಗೆ ರೇಬೀಸ್ ಲಸಿಕೆಯ ದಾಖಲೆ ಬೇಕು. ಅಮೆರಿಕದಲ್ಲಿ ಲಸಿಕೆ ಪಡೆದ ನಾಯಿಗೂ ಹೊರಗೆ ಲಸಿಕೆ ಪಡೆದ ನಾಯಿಗೂ ಇಲ್ಲಿಯೇ ದಾರಿ ಬೇರೆಯಾಗುತ್ತದೆ.

ಅಮೆರಿಕದಲ್ಲಿ ಲಸಿಕೆ ಪಡೆದ ನಾಯಿಗೆ 'ಅಮೆರಿಕದಲ್ಲಿ ನೀಡಿದ ರೇಬೀಸ್ ಲಸಿಕೆಯ ಪ್ರಮಾಣೀಕರಣ' ಎಂಬ ನಮೂನೆ ಸಾಕಾಗುತ್ತದೆ. ಕೃಷಿ ಇಲಾಖೆಯ ಮಾನ್ಯತೆ ಪಡೆದ ಪಶುವೈದ್ಯರು ಇದನ್ನು ಭರ್ತಿ ಮಾಡಿ, ಇಲಾಖೆ ದೃಢೀಕರಿಸಬೇಕು. ಇದು ಆಗಬೇಕಾದುದು ನಾಯಿ ಅಮೆರಿಕ ಬಿಡುವ ಮೊದಲು. ಬೆಂಗಳೂರಿಗೆ ಬಂದ ಮೇಲೆ ಅಲ್ಲಿನ ಪಶುವೈದ್ಯರಿಗೆ ಪತ್ರ ಬರೆದು ತರಿಸಿಕೊಳ್ಳುವಂಥದ್ದಲ್ಲ. ಈ ನಮೂನೆಯುಳ್ಳ ನಾಯಿ ಅಮೆರಿಕದ ಯಾವ ವಿಮಾನ ನಿಲ್ದಾಣದಲ್ಲಿ ಬೇಕಾದರೂ ಇಳಿಯಬಹುದು. ರಕ್ತಪರೀಕ್ಷೆಯೂ ಬೇಡ, ಪ್ರತ್ಯೇಕ ವಾಸವೂ ಬೇಡ. ಆದರೆ ಮರಳುವ ದಿನದಂದು ಆ ಲಸಿಕೆಯ ಅವಧಿ ಇನ್ನೂ ಉಳಿದಿರಬೇಕು. ಭಾರತದಲ್ಲಿದ್ದಾಗ ಅವಧಿ ಮುಗಿದರೆ ಇಲ್ಲಿ ಹೊಸ ಲಸಿಕೆ ಹಾಕಿಸಬೇಕಾಗುತ್ತದೆ. ಆಗ ನಾಯಿ 'ವಿದೇಶದಲ್ಲಿ ಲಸಿಕೆ ಪಡೆದ' ವರ್ಗಕ್ಕೆ ಸೇರುತ್ತದೆ.

ಭಾರತ ಪ್ರವೇಶಕ್ಕೆಂದು ಮಾಡಿಸುವ ಆರೋಗ್ಯ ಪ್ರಮಾಣಪತ್ರವೂ ಇದೇ ಕೃಷಿ ಇಲಾಖೆಯಿಂದ ದೃಢೀಕೃತವಾಗುವುದರಿಂದ, ಅದೊಂದಿದ್ದರೆ ಮರಳಲೂ ಸಾಕೆಂದು ಭಾವಿಸುವ ಸಂಭವವಿದೆ. ಇವೆರಡೂ ಬೇರೆ ಬೇರೆ. ಮೊದಲನೆಯದು ಭಾರತದ ಅಧಿಕಾರಿಗಳಿಗೆ, ಎರಡನೆಯದು ಅಮೆರಿಕದ ಅಧಿಕಾರಿಗಳಿಗೆ. ಒಂದೇ ಭೇಟಿಯಲ್ಲಿ ಎರಡನ್ನೂ ಕೇಳಿ ಪಡೆಯುವುದು ಜಾಣತನ.

ಭಾರತದಲ್ಲಿ ಲಸಿಕೆ ಪಡೆದ ನಾಯಿ

ಭಾರತದಲ್ಲಿಯೇ ಸಾಕಿದ ನಾಯಿಯನ್ನು ಕರೆದೊಯ್ಯುವವರಿಗೂ, ಮೇಲಿನ ನಮೂನೆಯಿಲ್ಲದೆ ಬಂದವರಿಗೂ ದಾರಿ ದೀರ್ಘವಾದದ್ದು. ನಾಯಿಗೆ ಕನಿಷ್ಠ 12 ವಾರಗಳಾದ ಮೇಲೆ, ಚಿಪ್ ಹಾಕಿಸಿದ ಬಳಿಕ ಲಸಿಕೆ ಹಾಕಿಸಬೇಕು. ಪಶುವೈದ್ಯರು ವಿದೇಶಿ ಲಸಿಕೆ ಮತ್ತು ಮೈಕ್ರೋಚಿಪ್ ನಮೂನೆಯನ್ನು ತುಂಬಿ, ಸರಕಾರಿ ಪಶುವೈದ್ಯಾಧಿಕಾರಿ ದೃಢೀಕರಿಸಬೇಕು. ಸಿಡಿಸಿಯಲ್ಲಿ ನೋಂದಾಯಿತವಾದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮೊದಲೇ ಸ್ಥಳ ಕಾದಿರಿಸಿ, ಆ ಕೇಂದ್ರವಿರುವ ವಿಮಾನ ನಿಲ್ದಾಣದಲ್ಲಿಯೇ ಇಳಿಯಬೇಕು. ನಿಯಮ ಜಾರಿಯಾದಾಗ ಇಂತಹ ಕೇಂದ್ರಗಳಿದ್ದುದು ಅಟ್ಲಾಂಟಾ, ನ್ಯೂಯಾರ್ಕಿನ ಜೆಎಫ್‌ಕೆ, ಲಾಸ್ ಏಂಜಲೀಸ್, ಮಯಾಮಿ, ಫಿಲಡೆಲ್ಫಿಯ ಮತ್ತು ವಾಷಿಂಗ್ಟನ್ ಡಲ್ಲಸ್ ನಿಲ್ದಾಣಗಳಲ್ಲಿ. ಕೇಂದ್ರದಲ್ಲಿ ನಾಯಿಯನ್ನು ಪರೀಕ್ಷಿಸಿ ಮತ್ತೊಮ್ಮೆ ಲಸಿಕೆ ನೀಡಲಾಗುತ್ತದೆ. ವೆಚ್ಚವೆಲ್ಲ ಮಾಲೀಕರದು.

ಈ ನಾಯಿಗೆ ಸಿಡಿಸಿ ಒಪ್ಪಿದ ಪ್ರಯೋಗಾಲಯದ ರಕ್ತಪರೀಕ್ಷಾ ವರದಿಯೂ ಇದ್ದರೆ ಪರೀಕ್ಷೆಯ ನಂತರ ಬಿಡುಗಡೆ. ಇಲ್ಲದಿದ್ದರೆ 28 ದಿನಗಳ ಪ್ರತ್ಯೇಕ ವಾಸ. ವರದಿಯಲ್ಲಿ ರೇಬೀಸ್ ಪ್ರತಿಕಾಯಗಳ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಮೊದಲ ಲಸಿಕೆಯಾಗಿ ಕನಿಷ್ಠ 30 ದಿನಗಳಾದ ಮೇಲೆ, ಅಮೆರಿಕ ಪ್ರವೇಶಕ್ಕೆ ಕನಿಷ್ಠ 28 ದಿನ ಮೊದಲು ರಕ್ತದ ಮಾದರಿ ತೆಗೆಯಬೇಕು. ಎರಡನ್ನೂ ಕೂಡಿಸಿದರೆ ಸುಮಾರು ಎರಡು ತಿಂಗಳು. ಮಾದರಿ ಕಳುಹಿಸುವ, ವರದಿ ಬರುವ ದಿನಗಳಿಗೂ ಅವಕಾಶವಿಡಬೇಕು.

ಇವುಗಳಲ್ಲದೆ, ಭಾರತದಿಂದ ಬರುವ ನಾಯಿಯ ಮೈಮೇಲೆ ಹುಣ್ಣಿನ ಹುಳುಗಳಿಲ್ಲವೆಂದು ಪ್ರಯಾಣಕ್ಕೆ ಐದು ದಿನಗಳ ಒಳಗೆ ಪರೀಕ್ಷಿಸಿ ಸರಕಾರಿ ಪಶುವೈದ್ಯಾಧಿಕಾರಿ ನೀಡಿದ ಪತ್ರವನ್ನು ಅಮೆರಿಕದ ಕೃಷಿ ಇಲಾಖೆ ಕೇಳುತ್ತದೆ. ಜಾನುವಾರುಗಳ ಕಾಲುಬಾಯಿ ರೋಗ ಭಾರತದಲ್ಲಿರುವ ಕಾರಣ ನಾಯಿಯ ಪಾದ, ತುಪ್ಪಳ, ಹಾಸಿಗೆಗಳಲ್ಲಿ ಮಣ್ಣು, ಹುಲ್ಲು ಇರಬಾರದು. ಭಾರತ ಬಿಡುವಾಗ ಎಕ್ಯುಸಿಎಸ್‌ನ ರಫ್ತು ಆರೋಗ್ಯ ಪ್ರಮಾಣಪತ್ರವೂ ಬೇಕು.

ಬೆಕ್ಕುಗಳ ಮಟ್ಟಿಗೆ ಅಮೆರಿಕದ ಕೇಂದ್ರ ಸರಕಾರ ರೇಬೀಸ್ ಲಸಿಕೆಯನ್ನು ಕಡ್ಡಾಯಗೊಳಿಸಿಲ್ಲ. ಆದರೆ ಅನೇಕ ರಾಜ್ಯಗಳೂ ವಿಮಾನ ಸಂಸ್ಥೆಗಳೂ ಅದನ್ನು ಕೇಳುತ್ತವೆ. ಹವಾಯಿ ಮತ್ತು ಗುವಾಮ್‌ಗಳ ನಿಯಮಗಳು ಪ್ರತ್ಯೇಕ, ಕಠಿಣ.

ಯೂರೋಪ್ ಮತ್ತು ಬ್ರಿಟನ್

ಯೂರೋಪಿಯನ್ ಒಕ್ಕೂಟದ ದೃಷ್ಟಿಯಲ್ಲಿ ಭಾರತ ಪಟ್ಟಿಯಲ್ಲಿಲ್ಲದ ದೇಶ. ಇಲ್ಲಿಂದ ಹೋಗುವ ನಾಯಿ, ಬೆಕ್ಕುಗಳಿಗೆ ಲಸಿಕೆಯಾಗಿ 30 ದಿನಗಳ ನಂತರ ರಕ್ತಪರೀಕ್ಷೆ ಮಾಡಿಸಿ, ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಕ್ತ ತೆಗೆದ ದಿನ ಪ್ರಾಣಿಯ ದೇಹದಲ್ಲಿ ವೈರಾಣು ಅಡಗಿದ್ದರೆ ಆ ಅವಧಿಯಲ್ಲಿ ಅದು ಹೊರಬೀಳುವ ಸಂಭವ ಹೆಚ್ಚು ಎಂಬುದು ಕಾಯಿಸುವುದರ ತರ್ಕ.

ಇದೇ ತರ್ಕವನ್ನು ತಿರುಗಿಸಿದರೆ ಪರಿಹಾರ ಸಿಗುತ್ತದೆ. ಒಕ್ಕೂಟದೊಳಗೆ ಇರುವಾಗಲೇ, ಭಾರತದ ಬೀದಿನಾಯಿಗಳ ಸಂಪರ್ಕಕ್ಕೆ ಬರುವ ಮುನ್ನವೇ, ಪ್ರಾಣಿಗೆ ಸಾಕಷ್ಟು ಪ್ರತಿಕಾಯಗಳಿದ್ದುವೆಂದು ಪರೀಕ್ಷೆ ತೋರಿಸಿದರೆ ಕಾಯುವ ಅಗತ್ಯವೇ ಇಲ್ಲ. ಆದ್ದರಿಂದ ಜರ್ಮನಿಯಿಂದಲೋ ನೆದರ್ಲೆಂಡ್ಸ್‌ನಿಂದಲೋ ಬರುವ ಕುಟುಂಬ ಹೊರಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪ್ರಾಣಿಯ ಪಾಸ್‌ಪೋರ್ಟಿನಲ್ಲಿ ನಮೂದಿಸಿಕೊಂಡರೆ ಮೂರು ತಿಂಗಳ ಷರತ್ತು ಅನ್ವಯಿಸುವುದಿಲ್ಲ. ಲಸಿಕೆಯ ಅವಧಿ ಮಾತ್ರ ನಡುವೆ ಕಡಿದುಹೋಗಬಾರದು. ಹೊರಡುವ ಮುನ್ನ ಮಾಡಿಸಿದ ಒಂದು ರಕ್ತಪರೀಕ್ಷೆ ಮೂರು ತಿಂಗಳ ಅಗಲಿಕೆಯನ್ನು ತಪ್ಪಿಸುತ್ತದೆ.

ಬ್ರಿಟನ್ನಿನ ನಿಯಮವೂ ಬಹುಮಟ್ಟಿಗೆ ಇದೇ ಮಾದರಿಯದು. ಭಾರತದಿಂದ ಹೋಗುವ ಪ್ರಾಣಿಗೆ ಚಿಪ್, ಲಸಿಕೆ, ರಕ್ತಪರೀಕ್ಷೆ, ಮೂರು ತಿಂಗಳ ಕಾಯುವಿಕೆ ಹಾಗೂ ಆರೋಗ್ಯ ಪ್ರಮಾಣಪತ್ರಗಳು ಬೇಕು. ನಾಯಿಗಳಿಗೆ ಪ್ರವೇಶಕ್ಕೆ 24ರಿಂದ 120 ಗಂಟೆಗಳ ಮುಂಚಿತವಾಗಿ ಲಾಡಿಹುಳುವಿನ ಔಷಧ ಕೊಡಿಸಿ, ಪಶುವೈದ್ಯರು ಸಮಯಸಹಿತ ದಾಖಲಿಸಬೇಕು. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ಸಾಕುಪ್ರಾಣಿಗಳು ಪ್ರಯಾಣಿಕರ ಕ್ಯಾಬಿನ್ನಿನಲ್ಲಿ ಬರುವಂತಿಲ್ಲ. ಮಾನ್ಯತೆ ಪಡೆದ ಮಾರ್ಗಗಳಲ್ಲಿ ಸರಕಾಗಿಯೇ ಬರಬೇಕು. ಅಂಗವಿಕಲರ ಸಹಾಯಕ ನಾಯಿಗಳಿಗೆ ಮಾತ್ರ ವಿನಾಯಿತಿ.

ಜಪಾನ್ ಮತ್ತು ಆಸ್ಟ್ರೇಲಿಯ

ಜಪಾನ್ ಕಾಯಿಸುವ ಅವಧಿ ಇನ್ನೂ ದೀರ್ಘ. ಚಿಪ್ ಹಾಕಿಸಿದ ಮೇಲೆ ಎರಡು ಬಾರಿ ರೇಬೀಸ್ ಲಸಿಕೆ, ಬಳಿಕ ರಕ್ತಪರೀಕ್ಷೆ, ಮಾದರಿ ತೆಗೆದ ದಿನದಿಂದ 180 ದಿನಗಳ ಕಾಯುವಿಕೆ. ಆಗಮನಕ್ಕೆ ಕನಿಷ್ಠ 40 ದಿನ ಮೊದಲು ಅಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಸೂಚನೆ ನೀಡಬೇಕು. ಎಲ್ಲವೂ ಸರಿಯಿದ್ದರೆ ನಿಲ್ದಾಣದ ತಪಾಸಣೆ 12 ಗಂಟೆಗಳೊಳಗೆ ಮುಗಿಯುತ್ತದೆ. ಇಲ್ಲವಾದರೆ 180 ದಿನಗಳವರೆಗೂ ಪ್ರಾಣಿಯನ್ನು ಅಲ್ಲಿಯೇ ಇರಿಸಬಹುದು.

ಆಸ್ಟ್ರೇಲಿಯದಿಂದ ಬರುವವರು ಎಲ್ಲರಿಗಿಂತ ಹೆಚ್ಚು ಯೋಚಿಸಬೇಕು. ಆ ದೇಶ ಭಾರತವನ್ನು ಅನುಮೋದಿತ ದೇಶಗಳ ಪಟ್ಟಿಯಲ್ಲಿ ಸೇರಿಸಿಲ್ಲ. ಇಲ್ಲಿಂದ ನಾಯಿ, ಬೆಕ್ಕುಗಳನ್ನು ನೇರವಾಗಿ ಒಯ್ಯುವಂತಿಲ್ಲ. ಅನುಮೋದಿತವಾದ ಮೂರನೆಯ ದೇಶವೊಂದಕ್ಕೆ ಕರೆದೊಯ್ದು, ಅಲ್ಲಿ ಪ್ರಕ್ರಿಯೆ ಪೂರೈಸಿ, ನಂತರ ಆಮದು ಪರವಾನಗಿಯೊಡನೆ ಪ್ರವೇಶಿಸಬೇಕು. ಇದಕ್ಕೆ ಆರು ತಿಂಗಳಿಗಿಂತ ಕಡಿಮೆ ಹಿಡಿಯುವುದಿಲ್ಲ. ಕೊನೆಗೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕನಿಷ್ಠ 10 ದಿನಗಳ ಪ್ರತ್ಯೇಕ ವಾಸವಿದೆ. ಸಿಡ್ನಿಯಿಂದ ಎರಡು ತಿಂಗಳ ರಜೆಗೆ ಬರುವ ಕುಟುಂಬ ನಾಯಿಯನ್ನು ಜೊತೆಗೆ ತಂದರೆ, ಕುಟುಂಬ ಮರಳಿದ ಮೇಲೂ ನಾಯಿ ಬಹುಕಾಲ ಮರಳಲಾರದು.

ಪ್ರಯೋಗಾಲಯ ಮತ್ತು ಲಸಿಕಾ ಪುಸ್ತಕ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆದ ಉಲ್ಲೇಖ ಪ್ರಯೋಗಾಲಯವಾಗಿದ್ದು, ರೇಬೀಸ್ ಪತ್ತೆಯಲ್ಲಿ ಹೆಸರಾಗಿದೆ. ಆದರೆ ಪ್ರಯಾಣಕ್ಕೆಂದು ಮಾಡಿಸುವ ರಕ್ತಪರೀಕ್ಷೆಗೆ ಪ್ರತಿಯೊಂದು ದೇಶವೂ ತಾನು ಒಪ್ಪುವ ಪ್ರಯೋಗಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಯೂರೋಪ್ ಒಪ್ಪಿದ್ದನ್ನು ಅಮೆರಿಕ ಒಪ್ಪಲೇಬೇಕೆಂದಿಲ್ಲ. ಮಾದರಿ ಕಳುಹಿಸುವ ದಿನ ಆ ಪಟ್ಟಿಯನ್ನು ನೋಡಿಕೊಂಡೇ ಕಳುಹಿಸಬೇಕು.

ಲಸಿಕಾ ಪುಸ್ತಕದಲ್ಲಿ ಲಸಿಕೆಯ ಹೆಸರು, ತಯಾರಕರು, ತಂಡದ ಸಂಖ್ಯೆ, ಹಾಕಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆಗಳು ಸ್ಪಷ್ಟವಾಗಿರಬೇಕು. ಭಾರತದಲ್ಲಿ ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿಯೂ ಅಮೆರಿಕದಲ್ಲಿ ತಿಂಗಳು, ದಿನ, ವರ್ಷ ಎಂಬ ಕ್ರಮದಲ್ಲಿಯೂ ಬರೆಯುವುದರಿಂದ ಮಾರ್ಚ್ 5 ಮೇ 3 ಆಗಿಬಿಡುವುದುಂಟು. ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಬರೆಸಿಕೊಂಡರೆ ಈ ಗೊಂದಲ ತಪ್ಪುತ್ತದೆ.

ವಿಮಾನದಲ್ಲಿ

ಸರಕಾರಗಳ ನಿಯಮಗಳ ಜೊತೆಗೆ ವಿಮಾನ ಸಂಸ್ಥೆಗಳ ನಿಯಮಗಳೂ ಇವೆ. ಪಂಜರದೊಳಗೆ ನಾಯಿ ಸಹಜವಾಗಿ ನಿಲ್ಲಲು, ತಿರುಗಲು, ಮಲಗಲು ಸ್ಥಳವಿರಬೇಕು, ಗಾಳಿಯಾಡಬೇಕು, ನೀರಿನ ಬಟ್ಟಲು ಇರಬೇಕು. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯ ತಳಿಗಳು ಸೆಕೆಯಲ್ಲಿ ಉಸಿರಾಟದ ತೊಂದರೆಗೆ ಬೇಗ ಈಡಾಗುವುದರಿಂದ ಹಲವು ಸಂಸ್ಥೆಗಳು ಅವುಗಳನ್ನು ಸರಕು ವಿಭಾಗದಲ್ಲಿ ಸ್ವೀಕರಿಸುವುದಿಲ್ಲ. ನಿದ್ರೆಯ ಔಷಧ ಕೊಟ್ಟು ಕಳುಹಿಸುವುದನ್ನು ಪಶುವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎತ್ತರದಲ್ಲಿ ಉಸಿರಾಟ ಮತ್ತು ರಕ್ತದೊತ್ತಡ ಕುಸಿಯುವ ಅಪಾಯವಿದೆ. ಅದರ ಬದಲು ತಿಂಗಳೆರಡು ತಿಂಗಳು ಮೊದಲೇ ಪಂಜರವನ್ನು ಮನೆಯಲ್ಲಿಟ್ಟು, ಅದರಲ್ಲಿಯೇ ಊಟ ಹಾಕಿ, ಮಲಗಿಸಿ ರೂಢಿ ಮಾಡಿಸುವುದು ಲೇಸು. ನಡುವೆ ವಿಮಾನ ಬದಲಾಯಿಸುವ ದೇಶಕ್ಕೂ ತನ್ನದೇ ನಿಯಮಗಳಿರಬಹುದಾದ್ದರಿಂದ ಸಾಧ್ಯವಾದಷ್ಟು ನೇರ ಮಾರ್ಗವನ್ನೇ ಆರಿಸಬೇಕು.

ನಾಯಿಗೆ ಕಡಿತವಾದರೆ

ಭಾರತದಲ್ಲಿರುವಾಗ ಬೀದಿನಾಯಿಯೊಂದು ಸಾಕುನಾಯಿಯನ್ನು ಕಚ್ಚಿದರೆ, ಲಸಿಕೆಯಾಗಿದೆಯೆಂದು ಸುಮ್ಮನಿರಬಾರದು. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಬೇಕು. ತೊಳೆಯುವವರು ಕೈಗವಸು ಧರಿಸಬೇಕು. ಬೀದಿನಾಯಿಯ ಜೊಲ್ಲು ಕೈಯ ಗೀರಿಗೆ ತಾಗಿದ್ದರೆ ತಾವೂ ವೈದ್ಯರನ್ನು ಕಾಣಬೇಕು. ಪ್ರಯಾಣಕ್ಕೆ ಅಡ್ಡಿಯಾದೀತೆಂಬ ಭಯದಿಂದ ಕಡಿತವನ್ನು ಮುಚ್ಚಿಡುವುದು ಮನೆಯವರ ಪ್ರಾಣಕ್ಕೇ ಎರವಾಗಬಹುದು.

ಸಿದ್ಧತೆಯ ಕ್ರಮ

1. ಪ್ರಯಾಣಕ್ಕೆ ಆರೇಳು ತಿಂಗಳು ಮೊದಲು: ಹೋಗುವ, ಮರಳುವ, ನಡುವೆ ಇಳಿಯುವ ಮೂರೂ ದೇಶಗಳ ಅಧಿಕೃತ ನಿಯಮಗಳನ್ನು ಓದಿ ಪಟ್ಟಿ ಮಾಡಿಕೊಳ್ಳುವುದು. ಚಿಪ್ ಇದೆಯೇ, ಓದಲು ಬರುತ್ತದೆಯೇ ಎಂದು ಪರೀಕ್ಷಿಸುವುದು.

2. ಮೂರು ನಾಲ್ಕು ತಿಂಗಳು ಮೊದಲು: ರೇಬೀಸ್ ಲಸಿಕೆ. ಹೋಗುವ ದಿನ 30 ದಿನ ದಾಟಿರುವಂತೆ, ಮರಳುವ ದಿನ ಅವಧಿ ಮುಗಿದಿರದಂತೆ ದಿನಾಂಕ ಗೊತ್ತುಮಾಡುವುದು.

3. ಲಸಿಕೆಯಾಗಿ 30 ದಿನಗಳ ಬಳಿಕ: ಮರಳುವ ದೇಶಕ್ಕೆ ಅಗತ್ಯವಿದ್ದರೆ, ಹೊರಡುವ ಮೊದಲೇ ರಕ್ತಪರೀಕ್ಷೆ.

4. ಒಂದೆರಡು ತಿಂಗಳು ಮೊದಲು: ಎಕ್ಯುಸಿಎಸ್ ಜೊತೆ ಪತ್ರವ್ಯವಹಾರ, ವಿಮಾನ ಸಂಸ್ಥೆಯಲ್ಲಿ ಪ್ರಾಣಿಗೆ ಸ್ಥಳ ಕಾದಿರಿಸುವುದು, ಪಂಜರದ ರೂಢಿ.

5. ಕೊನೆಯ ದಿನಗಳಲ್ಲಿ: ಆರೋಗ್ಯ ಪ್ರಮಾಣಪತ್ರ, ಸರಕಾರಿ ದೃಢೀಕರಣ, ನಿರಾಕ್ಷೇಪಣಾ ಪತ್ರ. ಅಮೆರಿಕದಿಂದ ಹೊರಡುವವರಿಗೆ ಮರಳುವ ಲಸಿಕಾ ಪ್ರಮಾಣೀಕರಣ ನಮೂನೆ.

6. ಪ್ರಯಾಣದ ದಿನ: ಮೂಲ ಕಾಗದಗಳು ಕೈಚೀಲದಲ್ಲಿ, ಒಂದು ಪ್ರತಿ ಪಂಜರದ ಮೇಲೆ, ಇನ್ನೊಂದು ಮನೆಯಲ್ಲಿರುವವರ ಬಳಿ.

ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ಹಿಂದಿನ ವಾರ ಮತ್ತೊಮ್ಮೆ ಆಯಾ ದೇಶದ ಅಧಿಕೃತ ಪ್ರಕಟಣೆಗಳನ್ನು ನೋಡುವುದು ಅವಶ್ಯ. ಕಳೆದ ವರ್ಷ ಪ್ರಯಾಣ ಮಾಡಿದ ಬಂಧುಗಳ ಅನುಭವ ದಾರಿ ತೋರಿಸಬಹುದು. ಆದರೆ ಅಧಿಕಾರಿಯ ಮುಂದೆ ಅದು ದಾಖಲೆಯಾಗದು.

ಕೊನೆಯದಾಗಿ, ಕರೆತರಲೇಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಾಲ್ಕು ವಾರಗಳ ರಜೆಗಾಗಿ ವಯಸ್ಸಾದ ನಾಯಿಯನ್ನು ಎರಡು ಬಾರಿ ದೀರ್ಘ ವಿಮಾನ ಪ್ರಯಾಣಕ್ಕೆ ಒಡ್ಡುವುದಕ್ಕಿಂತ ನೆರೆಹೊರೆಯ ಸ್ನೇಹಿತರ ಬಳಿ ಬಿಟ್ಟು ಬರುವುದು ಅದಕ್ಕೂ ಹಿತ. ಶಾಶ್ವತವಾಗಿ ತಾಯ್ನಾಡಿಗೆ ಮರಳುವವರಿಗೆ, ವರ್ಷಗಟ್ಟಲೆ ನೆಲೆಸಲು ಹೋಗುವವರಿಗೆ ಈ ಶ್ರಮವೆಲ್ಲ ಸಾರ್ಥಕ. ಕಾಗದದ ವ್ಯವಹಾರ ಪ್ರಾಣಿಗೆ ತಿಳಿಯುವುದಿಲ್ಲ. ತನ್ನವರು ಹೋದ ಕಡೆಗೆ ಅದು ಹೊರಡುತ್ತದೆ. ಅದು ಸುರಕ್ಷಿತವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವ ಹೊಣೆ ಅದನ್ನು ಸಾಕಿದವರದು.